ಎಳೆಯ ತಾಯ್ತನದ ವಯೋಮಿತಿ

20 ವರ್ಷ ತುಂಬುವ ಮೊದಲೇ ಹುಡುಗಿಯೊಬ್ಬಳು ತಾಯಿಯಾಗುವುದನ್ನು ವೈದ್ಯಶಾಸ್ತ್ರವೂ ಜನಸಂಖ್ಯಾಶಾಸ್ತ್ರವೂ ಎಳೆಯ ತಾಯ್ತನ ಎಂದು ಪರಿಗಣಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರೆಗಿನ ಅವಧಿಯನ್ನು ಹದಿಹರೆಯ ಎಂದು ಗುರುತಿಸಿದ್ದು, ಈ ಅವಧಿಯ ಬಸಿರು ಮತ್ತು ಹೆರಿಗೆಯನ್ನು ಪ್ರತ್ಯೇಕವಾಗಿ ಲೆಕ್ಕ ಇಡುತ್ತದೆ. ಭಾರತದ ಕಾನೂನಿಗೆ ಮುಖ್ಯವಾದ ಎಲ್ಲೆ 18 ವರ್ಷ. ಸಮಾಜದ ಎಲ್ಲೆ ಕಾಲದಿಂದ ಕಾಲಕ್ಕೆ, ಊರಿಂದ ಊರಿಗೆ ಬದಲಾಗುತ್ತದೆ. ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿಗೆ ಸೇರಿದ ಹಳ್ಳಿಮೈಸೂರು ಹೋಬಳಿ, ಅದರ ಆಸುಪಾಸಿನ ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳು ಸೇರಿದಂತೆ ಹಳೆಯ ಮೈಸೂರು ಸೀಮೆಯಲ್ಲಿ ಈ ಎಲ್ಲೆ ನೂರು ವರ್ಷಗಳಲ್ಲಿ ಬಹಳ ದೂರ ಸರಿದಿದೆ.

ಪದಗಳು

ಕನ್ನಡದಲ್ಲಿ ತಾಯ್ತನಕ್ಕೆ ಸಂಬಂಧಿಸಿದ ಪದಗಳು ಹೇರಳವಾಗಿವೆ. ಅವುಗಳಲ್ಲಿ ತಾಯಿಯ ವಯಸ್ಸನ್ನು ಸೂಚಿಸುವ ಪದ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ‘ಎಳೆ ಬಾಣಂತಿ’, ‘ಹಸಿ ಬಾಣಂತಿ’ ಎಂದರೆ ಚಿಕ್ಕ ವಯಸ್ಸಿನವಳಲ್ಲ, ಹೆತ್ತು ಹೆಚ್ಚು ದಿನವಾಗದವಳು. ಮೂವತ್ತೈದರ ಹೆಂಗಸೂ ಹೆತ್ತ ಹತ್ತನೇ ದಿನ ಎಳೆ ಬಾಣಂತಿಯೇ. ‘ಚೊಚ್ಚಲು’ ಎಂಬುದು ಹೆರಿಗೆಯ ಕ್ರಮವನ್ನು ಹೇಳುತ್ತದೆ, ಹೆತ್ತವಳ ಪ್ರಾಯವನ್ನಲ್ಲ. ಇತ್ತ, ಹುಡುಗಿ ಮೈನೆರೆದ ದಿನವನ್ನು ಹಳ್ಳಿಯ ಮಾತು ‘ದೊಡ್ಡವಳಾದಳು’ ಎಂದು ಗುರುತಿಸುತ್ತದೆ. ಸಾಮಾನ್ಯವಾಗಿ ಹನ್ನೆರಡು ಹದಿಮೂರರಲ್ಲಿ ಬರುವ ಈ ಘಟ್ಟವನ್ನೇ ದೊಡ್ಡತನ ಎಂದು ಕರೆದ ಸಮಾಜಕ್ಕೆ ಹದಿನೈದರ ತಾಯಿ ಎಳೆಯವಳಾಗಿ ಕಾಣಲಿಲ್ಲ. ಅದಕ್ಕೇ ಅಂಥ ತಾಯಿಗೆ ಬೇರೆ ಹೆಸರೂ ಹುಟ್ಟಲಿಲ್ಲ. ‘ಹದಿಹರೆಯದ ತಾಯಿ’, ‘ಬಾಲ ತಾಯಿ’, ‘ಬಾಲ ಗರ್ಭಿಣಿ’ ಎಂಬ ಈಗಿನ ಪದಗಳು ಆರೋಗ್ಯ ಇಲಾಖೆ, ಪತ್ರಿಕೆ ಮತ್ತು ನ್ಯಾಯಾಲಯಗಳ ಬಳಕೆಯಿಂದ ರೂಢಿಗೆ ಬಂದವು.

ವಯಸ್ಸನ್ನು ಎಣಿಸುವ ಬಗೆ

ಯಾವ ವಯಸ್ಸು ಎಳೆಯದು ಎಂದು ಹೇಳುವ ಮೊದಲು ವಯಸ್ಸನ್ನು ಹೇಗೆ ಎಣಿಸಬೇಕು ಎಂಬುದು ತೀರ್ಮಾನವಾಗಬೇಕು. ಹಳ್ಳಿಗಳಲ್ಲಿ ಎರಡು ಬಗೆಯ ಎಣಿಕೆ ಜೊತೆಜೊತೆಗೆ ನಡೆದುಬಂದಿದೆ. ‘ಹದಿನೆಂಟಕ್ಕೆ ಬಿದ್ದಳು’, ‘ಹದಿನೆಂಟು ನಡೀತಿದೆ’ ಎಂದರೆ ಹದಿನೇಳು ಮುಗಿದು ಹದಿನೆಂಟನೆಯ ವರ್ಷ ಶುರುವಾಗಿದೆ ಎಂದರ್ಥ. ‘ಹದಿನೆಂಟು ತುಂಬಿತು’ ಎಂದರೆ ಹದಿನೆಂಟು ವರ್ಷ ಪೂರ್ತಿಯಾಗಿದೆ. 2007ರ ಜೂನ್ ತಿಂಗಳಲ್ಲಿ ಹುಟ್ಟಿದ ಹುಡುಗಿ 2024ರ ಜೂನ್ ಕಳೆದ ಕೂಡಲೇ ಮನೆಯವರ ಮಾತಿನಲ್ಲಿ ಹದಿನೆಂಟಕ್ಕೆ ಬೀಳುತ್ತಾಳೆ. ಕಾನೂನಿನ ಲೆಕ್ಕದಲ್ಲಿ ಅವಳಿಗೆ ಹದಿನೆಂಟು ತುಂಬುವುದು 2025ರ ಜೂನ್‌ನಲ್ಲಿ. ನಡುವಿನ ಈ ಒಂದು ವರ್ಷದಲ್ಲಿ ಲಗ್ನ ನಡೆದರೆ ಅದು ಬಾಲ್ಯವಿವಾಹವೇ. ಸಮೀಕ್ಷೆ, ಆಸ್ಪತ್ರೆ ಮತ್ತು ನ್ಯಾಯಾಲಯ ಮೂರೂ ತುಂಬಿದ ವರ್ಷವನ್ನೇ ಎಣಿಸುತ್ತವೆ.

ವಯಸ್ಸಿನ ದಾಖಲೆಯಲ್ಲೂ ಒಂದು ಕ್ರಮವಿದೆ. ಬಾಲನ್ಯಾಯ ಕಾಯ್ದೆ, 2015ರ 94ನೇ ಕಲಮಿನಂತೆ ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಮೆಟ್ರಿಕ್ ಮಟ್ಟದ ಪ್ರಮಾಣಪತ್ರಕ್ಕೆ ಮೊದಲ ಸ್ಥಾನ. ಅದು ಇಲ್ಲದಿದ್ದರೆ ಸ್ಥಳೀಯ ಸಂಸ್ಥೆ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಬಲಿತಿರುವುದನ್ನು ನೋಡುವ ವೈದ್ಯಕೀಯ ಪರೀಕ್ಷೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜನ್ಮದಿನಾಂಕ ಹೆಣ್ಣುಮಗಳ ಬದುಕಿನಲ್ಲಿ ಇಷ್ಟು ಮುಖ್ಯವಾಗಿರುವುದು ಈ ಕಾರಣದಿಂದ.

ದೇಹದ ಎಲ್ಲೆ

ಋತುಮತಿಯಾಗುವುದು ಗರ್ಭ ಧರಿಸುವ ಶಕ್ತಿಯ ಆರಂಭವೇ ಹೊರತು ದೇಹದ ಬೆಳವಣಿಗೆಯ ಕೊನೆಯಲ್ಲ. ಮೊದಲ ಮುಟ್ಟಿನ ನಂತರವೂ ಹುಡುಗಿಯ ಎತ್ತರ ಸ್ವಲ್ಪ ಕಾಲ ಹೆಚ್ಚುತ್ತದೆ. ಮಗು ಹೊರಬರುವ ದಾರಿಯನ್ನು ರೂಪಿಸುವ ಸೊಂಟದ ಮೂಳೆಗಳು ಪೂರ್ತಿ ಬಲಿಯಲು ಇನ್ನೂ ಕೆಲವು ವರ್ಷ ಬೇಕು. ಈ ನಡುವೆ ಬಸಿರಾದರೆ ಬೆಳೆಯುತ್ತಿರುವ ತಾಯಿಯೂ ಹೊಟ್ಟೆಯ ಕೂಸೂ ಒಂದೇ ಊಟದಿಂದ ಪೋಷಣೆ ಪಡೆಯಬೇಕಾಗುತ್ತದೆ. ಹೀಗಾಗಿ ವೈದ್ಯರು ತಾಯಿಯ ವಯಸ್ಸಿನ ಜೊತೆಗೆ ಅವಳು ಋತುಮತಿಯಾಗಿ ಎಷ್ಟು ವರ್ಷವಾಯಿತು ಎಂಬುದನ್ನೂ ಕೇಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 20ರಿಂದ 24 ವರ್ಷದ ತಾಯಂದಿರಿಗೆ ಹೋಲಿಸಿದರೆ 10ರಿಂದ 19 ವರ್ಷದ ತಾಯಂದಿರಿಗೆ ಗರ್ಭನಂಜು, ಹೆರಿಗೆಯ ನಂತರ ಗರ್ಭಕೋಶದ ಸೋಂಕು ಮತ್ತು ಇತರ ಸೋಂಕುಗಳ ಅಪಾಯ ಹೆಚ್ಚು. ಅವರ ಮಕ್ಕಳು ತಿಂಗಳು ತುಂಬುವ ಮೊದಲೇ ಹುಟ್ಟುವ, ತೂಕ ಕಡಿಮೆ ಇರುವ ಸಂಭವವೂ ಹೆಚ್ಚು. ಸೊಂಟ ಚಿಕ್ಕದಾಗಿದ್ದಾಗ ಹೆರಿಗೆ ತಡೆಯುತ್ತದೆ. ಸಕಾಲಕ್ಕೆ ಶಸ್ತ್ರಚಿಕಿತ್ಸೆ ಸಿಗದಿದ್ದರೆ ಮೂತ್ರಕೋಶ ಮತ್ತು ಯೋನಿಯ ನಡುವೆ ತೂತು ಬಿದ್ದು ಮೂತ್ರ ಸೋರುವ ಫಿಸ್ಟುಲಾ ಎಂಬ ತೊಂದರೆ ಉಳಿದುಬಿಡಬಹುದು.

ಹದಿನೈದರ ತಾಯಿಗೂ ಹತ್ತೊಂಬತ್ತರ ತಾಯಿಗೂ ಇರುವ ಅಪಾಯ ಒಂದೇ ಪ್ರಮಾಣದ್ದಲ್ಲ. ಅತಿ ಹೆಚ್ಚು ಅಪಾಯ ಇರುವುದು ಹದಿನಾರಕ್ಕಿಂತ ಕೆಳಗಿನವರಿಗೆ. ಹದಿನೆಂಟು ಹತ್ತೊಂಬತ್ತರಲ್ಲಿ ಅದು ಇಳಿಯುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಈ ವಯಸ್ಸಿನಲ್ಲಿ ಕಾಣುವ ತೊಂದರೆಗಳಲ್ಲಿ ದೊಡ್ಡ ಪಾಲು ರಕ್ತಹೀನತೆ, ಬಡತನ ಮತ್ತು ತಡವಾದ ತಪಾಸಣೆಯಿಂದ ಬರುವಂಥದ್ದು. ಒಳ್ಳೆಯ ಊಟ, ಕ್ರಮವಾದ ತಪಾಸಣೆ, ಆಸ್ಪತ್ರೆಯ ಹೆರಿಗೆ ಸಿಕ್ಕಿದರೆ ಹತ್ತೊಂಬತ್ತರ ತಾಯಿ ಸಾಮಾನ್ಯವಾಗಿ ಕ್ಷೇಮವಾಗಿಯೇ ಹೆರುತ್ತಾಳೆ.

ಎಳೆಯ ವಯಸ್ಸಿನ ಎದುರು ತುದಿಗೂ ಒಂದು ಎಲ್ಲೆಯಿದೆ. 1958ರಲ್ಲಿ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ 35 ತುಂಬಿದ ಮೇಲಿನ ಚೊಚ್ಚಲ ಬಸಿರನ್ನು ತಡವಾದ ಬಸಿರೆಂದು ಗುರುತಿಸಿತು. ಈ ಎರಡು ಎಲ್ಲೆಗಳ ನಡುವೆ, ಇಪ್ಪತ್ತರಿಂದ ಮೂವತ್ತರ ಮೊದಲ ವರ್ಷಗಳವರೆಗಿನ ಕಾಲ ಹೆರಿಗೆಗೆ ಹೆಚ್ಚು ಕ್ಷೇಮಕರ.

ಹಳೆಯ ರೂಢಿ

ಹಳೆಯ ಮೈಸೂರು ಸೀಮೆಯಲ್ಲಿ ತಾಯ್ತನದ ವಯಸ್ಸನ್ನು ನಿರ್ಧರಿಸುತ್ತಿದ್ದುದು ಮದುವೆ ಮತ್ತು ಮೈನೆರೆಯುವಿಕೆ. ಬ್ರಾಹ್ಮಣರಲ್ಲಿ ಋತುಮತಿಯಾಗುವ ಮೊದಲೇ ಮದುವೆ ಮಾಡಿ, ಆಮೇಲೆ ಪ್ರಸ್ತ ಮಾಡಿ ಗಂಡನ ಮನೆಗೆ ಕಳಿಸುತ್ತಿದ್ದರು. ಒಕ್ಕಲುತನದ ಜಾತಿಗಳಲ್ಲಿ ಮೈನೆರೆದ ನಂತರದ ಮದುವೆ ಸಾಮಾನ್ಯವಾಗಿತ್ತು. ಹುಡುಗಿ ಮೈನೆರೆದಾಗ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುವುದು, ಎಳ್ಳಿನ ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸುವುದು, ಆರತಿ ಎತ್ತಿ ಒಸಗೆ ಮಾಡುವುದು ಊರಿಗೆಲ್ಲ ಸುದ್ದಿ ಮುಟ್ಟಿಸುವ ಶಾಸ್ತ್ರಗಳಾಗಿದ್ದವು. ಅಕ್ಕನ ಮಗಳನ್ನೋ ಅತ್ತೆ ಮಾವಂದಿರ ಮಕ್ಕಳನ್ನೋ ತಂದುಕೊಳ್ಳುವ ರೂಢಿಯಿದ್ದುದರಿಂದ ವರನನ್ನು ಹುಡುಕುವ ಕೆಲಸವೂ ಇರಲಿಲ್ಲ. ಮದುವೆ ಬೇಗ ಕೂಡಿಬರುತ್ತಿತ್ತು, ಹದಿನಾರು ಹದಿನೇಳರ ಹೊತ್ತಿಗೆ ಚೊಚ್ಚಲು ಮಗು ಮಡಿಲಲ್ಲಿರುತ್ತಿತ್ತು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ಪದ್ಧತಿ ಎಳೆಯ ತಾಯಿಗೆ ಒಂದು ಆಸರೆಯಾಗಿತ್ತು. ಬಳೆ ತೊಡಿಸಿ ತವರಿಗೆ ಕರೆತಂದ ಮಗಳನ್ನು ತಾಯಿ ತಿಂಗಳುಗಟ್ಟಲೆ ಇಟ್ಟುಕೊಂಡು ಬಾಣಂತನ ಮಾಡುತ್ತಿದ್ದಳು. ಎಣ್ಣೆ ನೀವಿ ಬಿಸಿನೀರು ಹಾಕುವುದು, ಸಾಂಬ್ರಾಣಿ ಹೊಗೆ ಕೊಡುವುದು, ಸೊಂಟಕ್ಕೆ ಬಟ್ಟೆ ಬಿಗಿಯುವುದು, ಮೆಣಸಿನ ಸಾರಿನ ಊಟ ಇವೆಲ್ಲ ಆ ಆರೈಕೆಯ ಭಾಗ. ಇದರಲ್ಲಿ ವಿಶ್ರಾಂತಿ ಮತ್ತು ಜೊತೆ ನಿಜವಾದ ಲಾಭಗಳು. ನೀರು ಕಡಿಮೆ ಕೊಡುವುದು, ಹಣ್ಣು ಸೊಪ್ಪು ತಿನ್ನಗೊಡದ ಪಥ್ಯ ಮೊದಲೇ ರಕ್ತಹೀನತೆ ಇರುವ ಹುಡುಗಿಗೆ ಕೇಡು ಮಾಡುತ್ತಿದ್ದವು.

ಆ ಕಾಲದ ಬದುಕಿಗೆ ಸಾಕ್ಷಿಯಾಗಿ ಇಬ್ಬರನ್ನು ನೆನೆಯಬಹುದು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಕಾದಂಬರಿಯ ನಂಜಮ್ಮ ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಮಕ್ಕಳನ್ನು ಹೆತ್ತು, ಸಂಸಾರದ ಭಾರವನ್ನೆಲ್ಲ ಒಬ್ಬಳೇ ಹೊರುತ್ತಾಳೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ ಹನ್ನೆರಡು ಮಕ್ಕಳನ್ನು ಹೆತ್ತವರು. ಸಾವಿರಾರು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹೀಗೆ ಹೆತ್ತು ಗಟ್ಟಿಯಾಗಿ ಬಾಳಿದವರನ್ನು ತೋರಿಸಿ ‘ಹಿಂದಿನವರು ಚಿಕ್ಕ ವಯಸ್ಸಿನಲ್ಲೇ ಹೆತ್ತು ಚೆನ್ನಾಗಿರಲಿಲ್ಲವೇ’ ಎಂದು ಕೇಳುವುದುಂಟು. ಹೆರಿಗೆಯಲ್ಲಿ ತೀರಿಕೊಂಡವರ, ಮಣ್ಣಿಗೆ ಹೋದ ಹಸುಗೂಸುಗಳ ಲೆಕ್ಕ ಆ ಪ್ರಶ್ನೆಯೊಳಗೆ ಸೇರಿಲ್ಲ.

ಕಾನೂನಿನ ಎಲ್ಲೆ

ಮದುವೆಯ ವಯಸ್ಸಿಗೆ ಕಾನೂನಿನ ಎಲ್ಲೆ ಹಾಕಿದ ಮೊದಲ ಸಂಸ್ಥಾನಗಳಲ್ಲಿ ಮೈಸೂರೂ ಒಂದು. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರ ಶಿಶುವಿವಾಹ ತಡೆ ರೆಗ್ಯುಲೇಷನ್ ಜಾರಿಗೆ ಬಂತು. ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕಕ್ಕಿಂತ ಚಿಕ್ಕವಳನ್ನು ಮದುವೆಯಾಗುವುದನ್ನೂ ಅದು ಶಿಕ್ಷಾರ್ಹಗೊಳಿಸಿತು. ಎಂಟು ಎಂಬ ಸಂಖ್ಯೆಯೇ ಅಂದಿನ ಸ್ಥಿತಿಯನ್ನು ಹೇಳುತ್ತದೆ.

1929ರ ಶಾರದಾ ಕಾಯ್ದೆ 1930ರ ಏಪ್ರಿಲ್ 1ರಿಂದ ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಯ ಮದುವೆಗೆ 14 ವರ್ಷದ ಮಿತಿ ಹಾಕಿತು. 1949ರಲ್ಲಿ ಅದು 15ಕ್ಕೆ, 1978ರ ತಿದ್ದುಪಡಿಯಿಂದ 18ಕ್ಕೆ ಏರಿತು. 2007ರ ನವೆಂಬರ್ 1ರಂದು ಜಾರಿಗೆ ಬಂದ ಬಾಲ್ಯವಿವಾಹ ನಿಷೇಧ ಕಾಯ್ದೆ, 2006 ಇದೇ ಮಿತಿಯನ್ನು ಉಳಿಸಿಕೊಂಡಿತು. ಆ ಕೇಂದ್ರ ಕಾಯ್ದೆಯಲ್ಲಿ ಬಾಲ್ಯವಿವಾಹ ತಾನಾಗಿ ರದ್ದಾಗುವುದಿಲ್ಲ, ರದ್ದು ಮಾಡಿಸಿಕೊಳ್ಳಬೇಕು. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ 2011ರ ವರದಿಯ ನಂತರ ಕರ್ನಾಟಕ ತನ್ನದೇ 2016ರ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಸಾರಿತು. ಹೆಣ್ಣಿನ ಮದುವೆಯ ವಯಸ್ಸನ್ನು 21ಕ್ಕೆ ಏರಿಸುವ ಮಸೂದೆಯನ್ನು 2021ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಲಾಗಿತ್ತು. 2024ರಲ್ಲಿ ಆ ಲೋಕಸಭೆ ವಿಸರ್ಜನೆಯಾದಾಗ ಅದು ಬಿದ್ದುಹೋಯಿತು.

ಮದುವೆಯ ಕಾನೂನಿನ ಜೊತೆಗೆ ಮಕ್ಕಳ ರಕ್ಷಣೆಯ ಕಾನೂನೂ ಇಲ್ಲಿ ಬರುತ್ತದೆ. 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಹೆಂಡತಿಗೆ 15 ತುಂಬಿದ್ದರೆ ಗಂಡನಿಗೆ ಅತ್ಯಾಚಾರದ ಆರೋಪದಿಂದ ಸಿಗುತ್ತಿದ್ದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್ 11ರ ತೀರ್ಪಿನಲ್ಲಿ 18ಕ್ಕೆ ಏರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ವಯಸ್ಸಿದೆ. ಆದ್ದರಿಂದ 18 ತುಂಬದ ಬಸುರಿ ಆಸ್ಪತ್ರೆಗೆ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಭಯಕ್ಕೆ ಕೆಲವು ಮನೆಯವರು ವಯಸ್ಸನ್ನು ಹೆಚ್ಚಿಸಿ ಹೇಳುತ್ತಾರೆ, ಇಲ್ಲವೇ ತಪಾಸಣೆಗೇ ಕರೆತರುವುದಿಲ್ಲ. ಹೆಚ್ಚು ಆರೈಕೆ ಬೇಕಾದವಳಿಗೇ ಆರೈಕೆ ತಪ್ಪುವುದು ಹೀಗೆ. ಅಪ್ರಾಪ್ತೆಯ ಗರ್ಭವನ್ನು 24 ವಾರಗಳವರೆಗೆ ತೆಗೆಸಲು ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಅಂಥ ಪ್ರಕರಣವನ್ನು ಪೊಲೀಸರಿಗೆ ತಿಳಿಸುವಾಗ, ಹುಡುಗಿ ಮತ್ತು ಪೋಷಕರು ಕೋರಿದರೆ, ವೈದ್ಯರು ಅವಳ ಗುರುತನ್ನು ಹೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿತು.

ಅಂಕಿ ಅಂಶ

ಎಳೆಯ ತಾಯ್ತನವನ್ನು ಅಳೆಯಲು ಮುಖ್ಯವಾಗಿ ಮೂರು ಅಳತೆಗಳಿವೆ. 15ರಿಂದ 19ರ ಪ್ರತಿ ಸಾವಿರ ಹುಡುಗಿಯರಿಗೆ ವರ್ಷಕ್ಕೆ ಎಷ್ಟು ಹೆರಿಗೆ ಎಂಬುದು ಮೊದಲನೆಯದು. 10ರಿಂದ 14ರವರಿಗೂ ಇದೇ ಲೆಕ್ಕ ಪ್ರತ್ಯೇಕವಾಗಿದೆ. 20ರಿಂದ 24ರ ಹೆಂಗಸರಲ್ಲಿ 18 ತುಂಬುವ ಮೊದಲೇ ಹೆತ್ತವರು ಎಷ್ಟು ಎಂಬುದು ಎರಡನೆಯದು. 15ರಿಂದ 19ರವರಲ್ಲಿ ಸಮೀಕ್ಷೆಯ ದಿನ ಆಗಲೇ ತಾಯಂದಿರಾದವರು ಅಥವಾ ಬಸುರಿಯರಾದವರು ಎಷ್ಟು ಎಂಬುದು ಮೂರನೆಯದು. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ಮೂರನೆಯ ಅಳತೆಯನ್ನು ಎದ್ದು ಕಾಣುವಂತೆ ಕೊಡುತ್ತದೆ.

2015-16ರ ನಾಲ್ಕನೆಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 19ರ ಹುಡುಗಿಯರಲ್ಲಿ ಶೇ 7.8ರಷ್ಟು ಮಂದಿ ತಾಯಂದಿರು ಅಥವಾ ಬಸುರಿಯರಾಗಿದ್ದರು. 2019-20ರ ಐದನೆಯ ಸಮೀಕ್ಷೆಯಲ್ಲಿ ಇದು ಶೇ 5.4ಕ್ಕೆ ಇಳಿಯಿತು. ಇಡೀ ದೇಶದ ಪ್ರಮಾಣ ಶೇ 7.9ರಿಂದ 6.8ಕ್ಕೆ ಬಂತು. ಇದೇ ಅವಧಿಯಲ್ಲಿ, 18ಕ್ಕೆ ಮೊದಲೇ ಮದುವೆಯಾದ 20ರಿಂದ 24ರ ಹೆಂಗಸರ ಪ್ರಮಾಣ ಕರ್ನಾಟಕದಲ್ಲಿ ಶೇ 21.4ರಿಂದ 21.3 ಆಯಿತು, ಅಂದರೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. 2005-06ರಲ್ಲಿ ಇದು ಶೇ 40ಕ್ಕಿಂತ ಹೆಚ್ಚಿತ್ತು. ಎರಡೂ ಅಳತೆ ಒಂದೇ ತಲೆಮಾರನ್ನು ನೋಡುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮದುವೆಯ ಅಂಕಿ ಕೆಲವು ವರ್ಷ ಹಿಂದೆ ನಡೆದ ಮದುವೆಗಳದ್ದು, ತಾಯ್ತನದ ಅಂಕಿ ಈಗಿನ ಹುಡುಗಿಯರದ್ದು. ರಾಜ್ಯದೊಳಗೂ ವ್ಯತ್ಯಾಸ ದೊಡ್ಡದು: ಉತ್ತರದ ಬಾಗಲಕೋಟೆ, ವಿಜಯಪುರದ ಕಡೆ ಬೇಗ ಮದುವೆ ಹೆಚ್ಚು, ಕರಾವಳಿ ಮತ್ತು ಕೊಡಗಿನಲ್ಲಿ ಕಡಿಮೆ.

ಬದಲಾವಣೆಯ ಕಾರಣಗಳನ್ನು ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ 1980ರ ದಶಕದಲ್ಲಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಅಭ್ಯಾಸ ಮಾಡಿದರು. ಹೆಣ್ಣಿಗೆ ತೆರ ಕೊಡುವ ಪದ್ಧತಿ ಹೋಗಿ ವರದಕ್ಷಿಣೆ ಬಂದದ್ದು, ಸಂಬಂಧಿಕರ ಹೊರಗೆ ವರನನ್ನು ಹುಡುಕಬೇಕಾಗಿ ಬಂದದ್ದು, ಹುಡುಗಿಯರು ಶಾಲೆಗೆ ಹೋಗತೊಡಗಿದ್ದು ಎಲ್ಲ ಸೇರಿ ಮೈನೆರೆಯುವುದಕ್ಕೂ ಮದುವೆಗೂ ನಡುವೆ ವರ್ಷಗಳ ಅಂತರ ಉಂಟುಮಾಡಿದವು. ವರದಕ್ಷಿಣೆಯಂಥ ಕೆಟ್ಟ ಪದ್ಧತಿ ಮದುವೆಯನ್ನು ಮುಂದೂಡಿಸಿದರೂ ಹೆಣ್ಣನ್ನು ಹೊರೆಯಾಗಿಸಿತು. ನಿಜವಾದ ಏಳಿಗೆ ಬಂದದ್ದು ಶಾಲೆಯಿಂದ.

ಆರೋಗ್ಯ ಸೇವೆಯಲ್ಲಿ ವಯಸ್ಸು

ಸರ್ಕಾರಿ ಆರೋಗ್ಯ ವ್ಯವಸ್ಥೆ ಒಬ್ಬಳೇ ಹುಡುಗಿಯನ್ನು ಎರಡು ರೀತಿಯಲ್ಲಿ ನೋಡುವುದು ಒಂದು ಮಾತ್ರೆಯ ಬಣ್ಣದಲ್ಲೇ ಕಾಣುತ್ತದೆ. ಶಾಲೆ ಕಾಲೇಜಿನ 10ರಿಂದ 19 ವರ್ಷದವರಿಗೆ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ. ಬಸುರಿಗೆ ದಿನಕ್ಕೊಂದರಂತೆ 180 ದಿನ ಕೆಂಪು ಮಾತ್ರೆ. ಹದಿನೇಳರ ಹುಡುಗಿ ಬಸುರಿಯಾದರೆ ನೀಲಿ ಮಾತ್ರೆಯ ಪಟ್ಟಿಯಿಂದ ಕೆಂಪು ಮಾತ್ರೆಯ ಪಟ್ಟಿಗೆ ಬರುತ್ತಾಳೆ. ಅವಳ ದೇಹಕ್ಕೆ ಮಾತ್ರ ಬೆಳೆಯುವ ಹುಡುಗಿಯ ಅಗತ್ಯವೂ ಬಸುರಿಯ ಅಗತ್ಯವೂ ಒಟ್ಟಿಗೇ ಇರುತ್ತವೆ.

ಆಶಾ ಕಾರ್ಯಕರ್ತೆ ಬಸುರಿಯನ್ನು ಗುರುತಿಸಿ ನೋಂದಾಯಿಸಿದ ಮೇಲೆ ತಾಯಿ ಕಾರ್ಡು ಸಿಗುತ್ತದೆ. 20 ತುಂಬದ ಬಸುರಿಯನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿ ನಿಗಾ ಇಡಬೇಕು. ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಅಂಥವರನ್ನು ವೈದ್ಯರೇ ನೋಡುತ್ತಾರೆ. ಹಳ್ಳಿಮೈಸೂರು ಕಡೆಯ ಬಸುರಿಯರಿಗೆ ಮೇಲಿನ ಹಂತದ ಚಿಕಿತ್ಸೆ ಬೇಕಾದರೆ ಹೊಳೆನರಸೀಪುರದ ತಾಲ್ಲೂಕು ಆಸ್ಪತ್ರೆ, ಅದಕ್ಕೂ ಮೇಲೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ. ಹದಿಹರೆಯದವರ ಸಲಹೆಗಾಗಿ ಆರೋಗ್ಯ ಕೇಂದ್ರಗಳಲ್ಲಿ ‘ಸ್ನೇಹ’ ಕ್ಲಿನಿಕ್‌ಗಳಿವೆ. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ಕೊಡುವ ‘ಮಾತೃಪೂರ್ಣ’ ಯೋಜನೆ 2017ರ ಅಕ್ಟೋಬರ್ 2ರಂದು ಆರಂಭವಾಯಿತು.

ಯೋಜನೆಗಳು ವಯಸ್ಸಿನ ಎಲ್ಲೆಯನ್ನು ಬೇರೆ ಬೇರೆ ರೀತಿ ಹಾಕಿವೆ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ಹೊಸ ನಿಯಮದಲ್ಲಿ ಚೊಚ್ಚಲ ಮಗುವಿಗೆ ಸಿಗುವ 5,000 ರೂಪಾಯಿ ಪಡೆಯಲು ತಾಯಿಗೆ ಕನಿಷ್ಠ 18 ವರ್ಷ 7 ತಿಂಗಳಾಗಿರಬೇಕು. ಜನನಿ ಸುರಕ್ಷಾ ಯೋಜನೆಯಲ್ಲಿ ಮೊದಲು ಇದ್ದ 19 ವರ್ಷದ ಮಿತಿಯನ್ನು 2013ರಲ್ಲಿ ತೆಗೆದುಹಾಕಲಾಯಿತು. ಮಿತಿ ಇದ್ದರೆ ಬೇಗ ಹೆರುವುದಕ್ಕೆ ಉತ್ತೇಜನ ಕೊಟ್ಟಂತಾಗುವುದಿಲ್ಲ ಎಂಬುದು ಒಂದು ವಾದ. ಆಗಲೇ ತಾಯಿಯಾಗಿರುವ ಬಡ ಹುಡುಗಿಗೆ ನೆರವು ತಪ್ಪಿಸುವುದು ನ್ಯಾಯವಲ್ಲ ಎಂಬುದು ಇನ್ನೊಂದು. ಆರೋಗ್ಯದ ದೃಷ್ಟಿಯಿಂದ ಎರಡನೆಯ ವಾದವೇ ತೂಕದ್ದು.

ಶಾಲೆ ಮತ್ತು ತಾಯ್ತನ

ಎಸ್ಸೆಸ್ಸೆಲ್ಸಿ ಮುಗಿಯುವುದು ಸುಮಾರು ಹದಿನಾರಕ್ಕೆ, ದ್ವಿತೀಯ ಪಿಯುಸಿ ಹದಿನೆಂಟರ ಹೊತ್ತಿಗೆ, ಪದವಿ ಇಪ್ಪತ್ತೊಂದಕ್ಕೆ. ಆದ್ದರಿಂದ ಪಿಯುಸಿಯವರೆಗೆ ಓದಿದ ಹುಡುಗಿ ಬಾಲ್ಯವಿವಾಹದಿಂದ ಪಾರಾಗುತ್ತಾಳೆ, ಪದವಿಯವರೆಗೆ ಓದಿದವಳು ಎಳೆಯ ತಾಯ್ತನದಿಂದ ಪಾರಾಗುತ್ತಾಳೆ. ಎಸ್ಸೆಸ್ಸೆಲ್ಸಿ ಫೇಲಾದ, ಅಥವಾ ಊರಿನಾಚೆಯ ಕಾಲೇಜಿಗೆ ಕಳಿಸಲು ಮನೆಯವರು ಹಿಂಜರಿದ ವರ್ಷವೇ ಹೆಚ್ಚು ನಾಜೂಕಿನ ಕಾಲ. 2006-07ರಲ್ಲಿ ಆರಂಭವಾದ ಭಾಗ್ಯಲಕ್ಷ್ಮಿ ಯೋಜನೆ ಹುಡುಗಿಗೆ 18 ತುಂಬಿ, ಮದುವೆಯಾಗದೆ ಇದ್ದರೆ ಮಾತ್ರ ಹಣ ಕೈಗೆ ಸಿಗುವ ಷರತ್ತು ಹಾಕಿದ್ದು ಇದಕ್ಕಾಗಿ. 2023ರ ಜೂನ್ 11ರಿಂದ ಉಚಿತ ಬಸ್ ಪ್ರಯಾಣ, ಹೊಳೆನರಸೀಪುರದಲ್ಲಿರುವಂಥ ಹೆಣ್ಣುಮಕ್ಕಳ ಸರ್ಕಾರಿ ಕಾಲೇಜು ಇವೆಲ್ಲ ದೂರ ಎಂಬ ಕಾರಣವನ್ನು ಕಡಿಮೆ ಮಾಡುತ್ತವೆ.

ಬೇರೆಡೆಯ ಅಳತೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15ರಿಂದ 19ರ ಹುಡುಗಿಯರು ಸುಮಾರು 2.1 ಕೋಟಿ ಬಾರಿ ಬಸಿರಾದರು. ಅವುಗಳಲ್ಲಿ ಅರ್ಧದಷ್ಟು ಬಯಸದೆ ಬಂದವು. ಇಂಗ್ಲೆಂಡಿನಲ್ಲಿ 18ಕ್ಕಿಂತ ಮೊದಲ ಗರ್ಭಧಾರಣೆಗೆ ಪ್ರತ್ಯೇಕ ಲೆಕ್ಕವಿದೆ. ಐರೋಪ್ಯ ಒಕ್ಕೂಟದಲ್ಲಿ 2022ರಲ್ಲಿ ಚೊಚ್ಚಲ ಹೆರಿಗೆಯ ಸರಾಸರಿ ವಯಸ್ಸು 29.7 ಇತ್ತು. ಭಾರತದಲ್ಲಿ ಅರ್ಧದಷ್ಟು ಹೆಂಗಸರು 21ರ ಆಸುಪಾಸಿಗೇ ಮೊದಲ ಮಗುವನ್ನು ಹೆತ್ತಿರುತ್ತಾರೆ. ಹೀಗಾಗಿ ಇಪ್ಪತ್ಮೂರರ ತಾಯಿ ಹಳ್ಳಿಯಲ್ಲಿ ಸರಿಯಾದ ವಯಸ್ಸಿನವಳು. ಬೆಂಗಳೂರಿನ ಕಚೇರಿಯಲ್ಲೋ ವಿದೇಶದಲ್ಲಿ ನೆಲೆಸಿದ ಕನ್ನಡದ ಮನೆಯಲ್ಲೋ ಅವಳೇ ‘ಇಷ್ಟು ಬೇಗ’ ತಾಯಿಯಾದವಳು. ಇದು ಸಮಾಜದ ನೋಟದ ವ್ಯತ್ಯಾಸ, ಆರೋಗ್ಯದ್ದಲ್ಲ. ಇಪ್ಪತ್ಮೂರರ ತಾಯಿ ಎಲ್ಲಿದ್ದರೂ ವೈದ್ಯಶಾಸ್ತ್ರಕ್ಕೆ ಎಳೆಯವಳಲ್ಲ.

ಎಲ್ಲೆಗಳ ಸಾರಾಂಶ

18 ತುಂಬದ ತಾಯಿ ಕಾನೂನಿಗೆ ಮಗು. ಅವಳಿಗೆ ಮೊದಲು ಬೇಕಾದದ್ದು ರಕ್ಷಣೆ. 18 ದಾಟಿ 20 ತುಂಬದವಳು ಕಾನೂನಿಗೆ ವಯಸ್ಕಳು, ದೇಹದ ಲೆಕ್ಕದಲ್ಲಿ ಇನ್ನೂ ಎಳೆಯವಳು. ಅವಳಿಗೆ ಹೆಚ್ಚಿನ ತಪಾಸಣೆ, ಹೆಚ್ಚಿನ ಊಟ, ಮುಂದಿನ ಹೆರಿಗೆಗೆ ಸಾಕಷ್ಟು ಅಂತರ ಬೇಕು. 20 ತುಂಬಿದವಳನ್ನು ಎಳೆಯ ತಾಯಿ ಎನ್ನುವುದು ರೂಢಿಯ ಮಾತಷ್ಟೆ. ಬಾಲ್ಯವಿವಾಹದ ಸುಳಿವು ಸಿಕ್ಕಿದವರು ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು. ಲಗ್ನಪತ್ರಿಕೆ ಅಚ್ಚಾಗುವ ಮೊದಲು ಮನೆಯವರು ಹುಡುಗಿಯ ಅಂಕಪಟ್ಟಿಯ ಜನ್ಮದಿನಾಂಕ ನೋಡಿ, ನಡೆಯುತ್ತಿರುವ ವರ್ಷವನ್ನು ಬಿಟ್ಟು ತುಂಬಿದ ವರ್ಷವನ್ನೇ ಎಣಿಸಬೇಕು.